ಮಸಿ ಬಳಿದ ಟಯರು

ಮುಂದಿನ ಟಯರು ಒಡೆದರೆ ಮೋಟಾರ್ ಸೈಕಲ್ಲು ಸವಾರನ ಮಾತು ಕೇಳುವುದಿಲ್ಲ. ಎರಡನೇ ಮಹಾಯುದ್ಧದಿಂದಾಗಿ ರಬ್ಬರ್ ಸಿಗದ ಆ ವರ್ಷ, ಕೈಯಲ್ಲಿ ಸವರಿಯೇ ಟಯರಿನ ಆಯಸ್ಸು ಹೇಳುತ್ತಿದ್ದ ಮದ್ದೂರಿನ ಮೆಕ್ಯಾನಿಕ್ ಜಹಾಂಗೀರನ ಮುಂದೆ ಹಲಗೂರಿನ ಬೋರೇಗೌಡರು ಹೊಳೆಯುವ ಟಯರೊಂದನ್ನು ಇಟ್ಟರು.

"ಮುಂದಿನ ಚಕ್ರಕ್ಕೆ ಆಕ್ಲಾ, ಮಗಳನ್ನ ಕೂರುಸ್ಕಂಡು ಬರ್ಬೇಕು."

ಜಹಾಂಗೀರ್ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಬಟ್ಟೆಗೆ ದೀಪದ ಮಸಿ ಮೆತ್ತಿತು, ಅದರಡಿ ಬೆರಳುದ್ದದ ಸೀಳು ಕಂಡಿತು.

"ಇದನ್ನ ಆಕಲ್ಲ ಗೌಡ್ರೇ."

"ನೀನಾಕ್ದಿದ್ರೆ ಮಂಡ್ಯದಲ್ಲಿ ಆಕುಸ್ತೀನಿ, ಬುಡು!"

ಗೌಡರು ಕೈ ಚಾಚುವಷ್ಟರಲ್ಲಿ ಜಹಾಂಗೀರ್ ಚಾಕುವಿನಿಂದ ಆ ಸೀಳನ್ನು ಉದ್ದಕ್ಕೂ ಕೊಯ್ದುಬಿಟ್ಟ. ಗೌಡರು ಅವನ ಕೊರಳಪಟ್ಟಿ ಹಿಡಿದರು.

"ಎಲ್ಡು ತಿಂಗ್ಳು ಊರೂರು ಅಲೆದು ತಂದದ್ದು ಕಣ್ಲಾ!"

"ಬೇಕಾದ್ರೆ ಒದೀರಿ. ಮಗಳು ಬಸ್ಸಲ್ಲಿ ಬರ್ಲಿ."

ಗೌಡರ ಕೈ ಮೆಲ್ಲಗೆ ಸಡಿಲವಾಯಿತು. ಆದರೆ ಮಸಿ ಬಳಿದು ಮಾರಿದವನ ಕೊರಳಪಟ್ಟಿಯನ್ನು ಯಾರೂ ಹಿಡಿಯಲಿಲ್ಲ.

ಹೊಳಪು ನೋಡಿ ನಂಬಬೇಡಿ. ಏಳಿ, ಒದ್ದೆ ಬಟ್ಟೆ ತಂದು ನಿಮ್ಮ ಮುಂದಿನ ಟಯರನ್ನು ಈಗಲೇ ಒರೆಸಿ ನೋಡಿ.