ಪಠ್ಯಕ್ರಮದಲ್ಲಿ ಉಳಿದ ಮನೆಭೇಟಿ

2016ರ ಬೇಸಿಗೆಯಲ್ಲಿ ನಾನು ಗಡಿಯಾಚೆ ಮಹಾರಾಷ್ಟ್ರದ ಉದಗೀರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಫ್ಯಾಮಿಲಿ ಮೆಡಿಸಿನ್ ತರಬೇತಿಯ ಮುಖ್ಯಸ್ಥನಾಗಿದ್ದೆ. ಎಂಬಿಬಿಎಸ್ ಮುಗಿಸಿದ ವೈದ್ಯರು ಮೂರು ವರ್ಷ ಆಸ್ಪತ್ರೆಯಲ್ಲೇ ದುಡಿಯುತ್ತ ಮಕ್ಕಳ ಕಾಯಿಲೆ, ಹೆರಿಗೆ, ಮುಪ್ಪಿನ ತೊಂದರೆ ಎಲ್ಲವನ್ನೂ ಕಲಿಯುವ ತರಬೇತಿ ಇದು. ಇವರನ್ನು ರೆಸಿಡೆಂಟ್ ಎನ್ನುತ್ತೇವೆ. ಪಠ್ಯಕ್ರಮ ಬರೆದವನು ನಾನೇ. ನಿಲಂಗಾದ ಹೊರರೋಗಿ ಕೇಂದ್ರದಲ್ಲಿ ಎರಡು ತಿಂಗಳು, ಉಮರ್ಗಾದ ಹೆರಿಗೆ ವಾರ್ಡಿನಲ್ಲಿ ನಾಲ್ಕು ತಿಂಗಳು ಎಂದೆಲ್ಲ ಹೊಂದಿಸಿ, ಕೊನೆಗೆ ಒಂದು ನಿಯಮ ಸೇರಿಸಿದ್ದೆ: ಒಂದೇ ತೊಂದರೆಗೆ ಎರಡನೇ ಸಲ ದಾಖಲಾದ ರೋಗಿಯ ಮನೆಗೆ ರೆಸಿಡೆಂಟ್ ಹೋಗಿ ಬರಲೇಬೇಕು.

ಬರದ ಆ ವರ್ಷ ಈ ನಿಯಮ ಯಾರಿಗೂ ಬೇಡವಾಗಿತ್ತು. ನಮ್ಮ ಜಿಲ್ಲಾ ಕೇಂದ್ರ ಲಾತೂರಿಗೆ ರೈಲಿನಲ್ಲಿ ನೀರು ತರಿಸುತ್ತಿದ್ದ ದಿನಗಳವು. ವಾಂತಿಭೇದಿಯವರಿಂದ ವಾರ್ಡು ತುಂಬಿತ್ತು. ಎರಡನೇ ವರ್ಷದ ರೆಸಿಡೆಂಟ್ ಡಾ. ಅಶ್ವಿನಿ ಸೊಲ್ಲಾಪುರದವರು, ಮಾತು ಖಡಕ್. ಒಂದು ಬೆಳಿಗ್ಗೆ ನನ್ನ ಕೋಣೆಗೆ ಬಂದು ಎಲ್ಲರ ಪರವಾಗಿ ಹೇಳಿದರು: "ಸರ್, ವಾರ್ಡಿನಾಗ ನಿಲ್ಲಲಿಕ್ಕ ಜಾಗ ಇಲ್ಲ. ಇಂಥಾದ್ರಾಗ ಮನಿ ಮನಿ ತಿರಗೋದು ಯಾಕರೀ? ಅದನ್ನ ತಗದುಬಿಡ್ರಿ."

ಆಡಳಿತ ಮಂಡಳಿಯ ಮನಸ್ಸೂ ಅದೇ ಇತ್ತು. ತಿಂಗಳ ಕೊನೆಯ ಸಭೆಯಲ್ಲಿ ತೀರ್ಮಾನಿಸೋಣ, ಅಲ್ಲಿಯವರೆಗೆ ನಿಯಮ ನಡೆಯಲಿ ಎಂದೆ.

ಅದೇ ವಾರ ಹತ್ತಿರದ ಹಳ್ಳಿ ವಲಾಂಡಿಯ ಕಾಶಮ್ಮ ತಲೆ ತಿರುಗಿ ಬಿದ್ದು ಮೂರನೇ ಸಲ ದಾಖಲಾದರು. ವಯಸ್ಸು ಅರವತ್ತೆಂಟು, ತವರು ಭಾಲ್ಕಿ. ಐದು ವರ್ಷದಿಂದ ಬಿಪಿಗೆ ನನ್ನದೇ ಔಷಧ. ಚಳಿಗಾಲದಲ್ಲಿ ಕಾಲು ಬಾತಾಗ, ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ಗುಳಿಗೆಯೊಂದನ್ನು ಸೇರಿಸಿದ್ದೆ. ಈಗ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ, 1.0 ಇದ್ದದ್ದು 2.6 ಆಗಿತ್ತು. ಸಲೈನ್ ಕೊಟ್ಟರೆ ಇಳಿಯುತ್ತಿತ್ತು, ಮನೆಗೆ ಹೋದರೆ ಮತ್ತೆ ಏರುತ್ತಿತ್ತು. ನೀರು ಸರಿಯಾಗಿ ಕುಡಿಯುತ್ತೀರಾ ಎಂದು ಪ್ರತಿ ಸಲವೂ ಕೇಳಿದ್ದೆ.

"ಭರಪೂರ ಕುಡೀತೀನ್ರಿ ಸಾಹೇಬ್ರ," ಎನ್ನುತ್ತಿದ್ದರು.

ನಂಬಿದೆ. ಮೂತ್ರಪಿಂಡದ ಕಾಯಿಲೆಯೇ ಶುರುವಾಗಿದೆ ಎಂದು ತಜ್ಞರೊಬ್ಬರಿಗೆ ಪತ್ರ ಬರೆಯಲು ಕುಳಿತೆ. ಎರಡನೇ ಸಲವೇ ಆಗಬೇಕಿದ್ದ ಮನೆಭೇಟಿ ಗದ್ದಲದಲ್ಲಿ ತಪ್ಪಿಹೋಗಿತ್ತು. ಅಶ್ವಿನಿ ಗೊಣಗುತ್ತಲೇ ವಲಾಂಡಿಯ ಬಸ್ಸು ಹತ್ತಿದರು.

ಮನೆಯಲ್ಲಿದ್ದವಳು ಸೊಸೆ ಸುನೀತಾ, ಏಳು ತಿಂಗಳ ಗರ್ಭಿಣಿ. ಅತ್ತೆ ಎಷ್ಟು ನೀರು ಕುಡಿಯುತ್ತಾರೆ ಎಂದು ಕೇಳಿದ್ದೇ ತಡ, ಅಳತೊಡಗಿದಳಂತೆ. "ಟ್ಯಾಂಕರ್ ಬಂದಾಗ ಒಂದೇ ಕೊಡ ತಾ, ಬಸರಿ ಹೆಂಗಸು ಎರಡನೇದ್ದಕ್ಕ ಹೋಗಬ್ಯಾಡ ಅಂತಾರ್ರಿ. ತಾವು ದಿನಕ್ಕ ಎರಡೇ ಗ್ಲಾಸ್ ಕುಡೀತಾರ. ದವಾಖಾನ್ಯಾಗ ಹೇಳಿದ್ರ ಮಂದಿ ನಿನಗ ಬೈತಾರ ಅಂತ ಆಣಿ ಹಾಕಿಸ್ಯಾರ್ರಿ."

ಅಶ್ವಿನಿ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಿಳಿಚಿಕೊಂಡಿತ್ತು. ಒಮ್ಮೆಯೂ ತಪಾಸಣೆ ಆಗಿರಲಿಲ್ಲ. ಒಬ್ಬ ರೋಗಿಯ ಮನೆಗೆ ಹೋದವರು ಇನ್ನೊಬ್ಬ ರೋಗಿಯನ್ನು ಕರೆದುಕೊಂಡೇ ಬಂದರು. ಸುನೀತಾಳ ಹಿಮೋಗ್ಲೋಬಿನ್ 7.2 ಇತ್ತು, ಹನ್ನೊಂದಾದರೂ ಇರಬೇಕಿತ್ತು.

ನಂತರ ಅಶ್ವಿನಿ ನನ್ನ ಮೇಜಿನ ಎದುರು ನಿಂತರು. "ಸರ್, ಸಿಟ್ಟಾಗಬ್ಯಾಡ್ರಿ. ಕಾಶಮ್ಮನ ಕಿಡ್ನಿಗೆ ಬ್ಯಾರೆ ರೋಗ ಇಲ್ಲ. ನೀರಿಲ್ಲದ ಮೈಯಾಗಿಂದ ನಮ್ಮ ಗುಳಿಗಿ ಇದ್ದ ನೀರೂ ತಗೀಲಿಕತ್ತದ. ಅದನ್ನ ಬರದವರು ನೀವು."

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಗುಳಿಗೆ ನಿಲ್ಲಿಸಿದೆ. ಅರ್ಧ ಬರೆದ ಪತ್ರ ಹರಿದೆ. ಅಶ್ವಿನಿ ಊರಿನ ಆಶಾ ಕಾರ್ಯಕರ್ತೆಯೊಂದಿಗೆ ಮಾತಾಡಿ, ನೆರೆಯವರು ದಿನಾ ಎರಡು ಕೊಡ ನೀರು ತಂದುಕೊಡುವಂತೆ ಮಾಡಿದರು. ಮೂರು ವಾರದಲ್ಲಿ ಕಾಶಮ್ಮನ ಕ್ರಿಯಾಟಿನಿನ್ 1.1ಕ್ಕೆ ಇಳಿಯಿತು. ರಕ್ತ ಹೆಚ್ಚಿಸುವ ಚಿಕಿತ್ಸೆ ಪಡೆದ ಸುನೀತಾಳ ಹೆರಿಗೆಯೂ ಮುಂದೆ ನಮ್ಮಲ್ಲೇ ಸುಸೂತ್ರವಾಗಿ ಆಯಿತು, ಹೆಣ್ಣುಮಗು.

ತಿಂಗಳ ಸಭೆಯಲ್ಲಿ ಅಶ್ವಿನಿ ಈ ಪ್ರಕರಣ ಮಂಡಿಸಿದರು. ಗುಳಿಗೆ ಬರೆದವರ ಹೆಸರು ಹೇಳಲಿಲ್ಲ. ನಾನೇ ಎದ್ದು ಹೇಳಿದೆ. ಆಗ ಅಶ್ವಿನಿ, "ನಿಯಮ ತಗೀಬ್ಯಾಡ್ರಿ. ಮೊದಲನೇ ಸಲ ಅಡ್ಮಿಟ್ ಆದಾಗೇ ಹೋಗಬೇಕು ಅಂತ ಬರೀರಿ," ಎಂದರು. ಹಾಗೆಯೇ ಬರೆದೆವು. ಬೇಸಿಗೆ ಬಂದಾಗ ಪ್ರತಿಯೊಬ್ಬರ ಬಿಪಿ ಗುಳಿಗೆಗಳನ್ನು ಮರುಪರಿಶೀಲಿಸಬೇಕು ಎಂಬ ಸಾಲೂ ಸೇರಿತು.

ಪಠ್ಯಕ್ರಮ ಬರೆದದ್ದಕ್ಕಿಂತ, ಅದನ್ನು ನನ್ನ ಮೇಲೆಯೇ ಪ್ರಯೋಗಿಸಬಲ್ಲ ವೈದ್ಯೆಯೊಬ್ಬಳು ಅದರಿಂದ ತಯಾರಾದಳು ಎಂಬುದೇ ನನಗೆ ದೊಡ್ಡ ಹೆಮ್ಮೆ. ಗುರುವಿನ ತಪ್ಪನ್ನು ಹೇಳಲು ಹೆದರುವ ವೈದ್ಯರು ಎಷ್ಟು ಓದಿದ್ದರೂ ರೋಗಿಗೆ ಅರ್ಧ ಮಾತ್ರ ಸಿಗುತ್ತಾರೆ. ಆ ಕೆಲಸ ನನಗೆ ಕಲಿಸಿದ್ದು ಇದನ್ನು. ಕೆಲವು ವರ್ಷಗಳ ನಂತರ ನಾನು ನಿವೃತ್ತಿಯಾದ ದಿನ ತರಬೇತಿಯ ಹೊಣೆಯನ್ನು ಯಾರಿಗೆ ಒಪ್ಪಿಸಬೇಕೆಂದು ಮಂಡಳಿ ಕೇಳಿದಾಗ, ಯೋಚಿಸಲು ಸಮಯ ಕೇಳದೆ, ತರಬೇತಿ ಮುಗಿಸಿ ನಮ್ಮಲ್ಲೇ ಉಳಿದಿದ್ದ ಅಶ್ವಿನಿಯ ಹೆಸರು ಹೇಳಿದೆ.