ಶಿವದಾರದ ಬಾಡಿಗೆಯವನು

ನಮ್ಮೂರ ಮಠದ ಅಂಗಳವನ್ನು ತಾಯತ ಕಟ್ಟುವವನಿಗೆ ಬಿಟ್ಟುಕೊಟ್ಟವರು ನೀವು, ಊರಿನ ಹಿರಿಯರು. ಪ್ರತಿ ಅಮಾವಾಸ್ಯೆ ಅವನು ಅಲ್ಲಿ ಕುಳಿತು ಭಯ ಹಂಚುತ್ತಾನೆ. ನೀವು ಅವನಿಗೆ ಚಾಪೆ ಹಾಸಿಕೊಡುತ್ತೀರಿ.

ಎಂ.ಎ. ಮುಗಿಸಿದ ಮೇಲೆ, ಉಪನ್ಯಾಸಕಿ ಹುದ್ದೆಯ ಸಂದರ್ಶನಗಳಲ್ಲಿ ನನ್ನ ದನಿಯೇ ಹೊರಡುತ್ತಿರಲಿಲ್ಲ. ಗೊತ್ತಿದ್ದ ಉತ್ತರವನ್ನೂ ಹೇಳಲಾಗುತ್ತಿರಲಿಲ್ಲ. ಸಿಂದಗಿಯ ಕಾಲೇಜೊಂದರಿಂದ ಕರೆ ಬಂದಾಗ ಅವ್ವ ನನ್ನನ್ನು ಅವನೆದುರು ಕೂರಿಸಿದಳು.

"ಇದು ಮೈಮ್ಯಾಲ ಇರಲಿಲ್ಲಂದ್ರ ನಿನ್ನ ಬಾಯಿ ತೆರಿಯಂಗಿಲ್ಲ, ತಂಗಿ," ಎಂದು ಅವನು ತಾಯತ ಕೊಟ್ಟ. ಅವ್ವ ಅದನ್ನು ನನ್ನ ಕೊರಳ ಶಿವದಾರಕ್ಕೆ, ಇಷ್ಟಲಿಂಗವನ್ನು ಇಟ್ಟಿರುವ ಕರಡಿಗೆಯ ಪಕ್ಕದಲ್ಲೇ ಕಟ್ಟಿದಳು. ಹೀಗೆ ಎರಡನ್ನೂ ಒಂದೇ ದಾರಕ್ಕೆ ಕಟ್ಟದ ಮನೆ ನಮ್ಮ ಓಣಿಯಲ್ಲಿ ಕಡಿಮೆ.

ಸಂದರ್ಶನದ ದಿನ ಜೊತೆಗೆ ಬಂದವಳು ಆಯಿ, ನನ್ನ ಅಪ್ಪನ ತಾಯಿ. ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಕೊರಳು ಮುಟ್ಟಿ ನೋಡಿಕೊಂಡೆ. ಕರಡಿಗೆ ಇತ್ತು, ತಾಯತ ಇರಲಿಲ್ಲ.

"ಆಯಿ, ಜಳಕ ಮಾಡುವಾಗ ತಾಯತ ಬಿದ್ದೈತಿ. ಹೊಳ್ಳಿ ಮನಿಗಿ ಹೋಗೂನು."

"ಬಿದ್ರ ಬೀಳಲಿ. ಮನಿ ಮಾಲೀಕ ಕೊರಳಾಗ ಅದಾನ, ನೀ ಬಾಡಿಗಿಯವನ್ನ ಹುಡುಕಾಕತ್ತಿ."

"ಅಲ್ಲಿ ಬಾಯಿ ತೆರೀಲಿಲ್ಲಂದ್ರ?"

"ತೆರೀಲಿಲ್ಲಂದ್ರ ಸುಮ್ನ ಕುಂತು ಎದ್ದು ಬಾ. ಅದಕ್ಕ ಮಾಲೀಕ ಏನು ನಿನ್ನ ಬಿಟ್ಟು ಹೋಗಾಂವಲ್ಲ. ಬಸ್ ಬಂತು, ಹತ್ತು."

ಕಾಲೇಜಿನ ಪಡಸಾಲೆಯಲ್ಲಿ ಕಾಯುತ್ತ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೆ. ದಿನವೂ ಅವಸರದಲ್ಲಿ ಪೂಜಿಸಿ ಒಳಗಿಡುತ್ತಿದ್ದ ಅದನ್ನು ಅಂದು ಸುಮ್ಮನೆ ನೋಡಿದೆ. ಏನನ್ನೂ ಬೇಡಲಿಲ್ಲ. ನನ್ನದೇ ಕೈಯ ಕಾವಿಗೆ ಅದು ಬೆಚ್ಚಗಾಗಿತ್ತು. ಹೆಸರು ಕೂಗಿದಾಗ ಭಯ ಇನ್ನೂ ಇತ್ತು. ಆದರೆ ಅದನ್ನು ಕಳೆಯಲು ಯಾರಾದರೂ ಬರಬೇಕೆಂಬ ಆಸೆ ಇರಲಿಲ್ಲ. ಮೊದಲ ಉತ್ತರಕ್ಕೆ ದನಿ ನಡುಗಿತು. ಆಮೇಲೆ ಎಷ್ಟು ಮಾತಾಡಿದೆನೆಂದರೆ, ಸಂದರ್ಶಕರೇ ಸಾಕೆಂದರು.

ಆ ಹುದ್ದೆ ಬೇರೆಯವರಿಗೆ ಹೋಯಿತು. ದನಿ ನನ್ನಲ್ಲೇ ಉಳಿಯಿತು. ಈಗ ತಾಳಿಕೋಟೆಯಲ್ಲಿ ಅದರಿಂದಲೇ ಪಾಠ ಹೇಳುತ್ತೇನೆ, ನೆಮ್ಮದಿಯಿಂದಿದ್ದೇನೆ. ಬಾಡಿಗೆಯವನು ಸಿಕ್ಕನೇ ಎಂದು ಆಯಿ ಇಂದಿಗೂ ಕೆಣಕುತ್ತಾಳೆ.

ಮಾನ್ಯ ಹಿರಿಯರೇ, ಬಾಲ್ಯದಲ್ಲಿ ನನಗೆ ಲಿಂಗ ಕಟ್ಟಿದ್ದು ಅದೇ ಅಂಗಳದಲ್ಲಿ, ನಿಮ್ಮೆಲ್ಲರ ಸಮಕ್ಷಮದಲ್ಲಿ. ಅಂದು ಅಂಗೈಗೆ ಕೊಟ್ಟದ್ದು ಸಾಲದೆಂದು ನಿಮಗೆ ಅನ್ನಿಸಿದ್ದು ಯಾವಾಗ? ದಯವಿಟ್ಟು ಊರ ಸಭೆಯಲ್ಲಿ ಉತ್ತರಿಸಿ. ಮುಂದಿನ ಅಮಾವಾಸ್ಯೆಯೊಳಗೆ ಆ ಚಾಪೆಯನ್ನು ಎತ್ತಿಸಬೇಕೆಂದು ವಿನಂತಿಸುತ್ತೇನೆ.