ಗೌರವ್ವನನ್ನು ಹುಡುಕಿ ಇಳಕಲ್ಲಿಗೆ

ಬಾಗಲಕೋಟೆಯಿಂದ ಹುನಗುಂದದ ಬಸ್ಸು ಹೊರಟಾಗ ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ದವಾಖಾನೆಯಲ್ಲಿ ಕ್ಷಯಕ್ಕೆ ಹೊಸ ಗುಳಿಗೆ ಕೂಡಿಸಿ ಕೊಟ್ಟು, ಕಡಿಮೆ ತಿಂಗಳಲ್ಲಿ ರೋಗ ವಾಸಿಯಾದೀತೇ ಎಂದು ಪರೀಕ್ಷೆ ನಡೆದಿತ್ತು. ಒಪ್ಪಿ ಸೇರಿದ ರೋಗಿಗಳಿಗೆ ಎಲ್ಲವನ್ನೂ ತಿಳಿಸಿ ಹೇಳುವುದು, ಅವರ ಬೆನ್ನಿಗಿರುವುದು ನನ್ನ ಕೆಲಸ. ಇಳಕಲ್ಲಿನ ನೇಕಾರರ ಮನೆಯ ಗೌರವ್ವ ಮೊದಲ ತಿಂಗಳ ಗುಳಿಗೆ ಒಯ್ದವಳು ಮತ್ತೆ ಬಂದಿರಲಿಲ್ಲ.

"ಒತ್ತಾಯ ಮಾಡಬ್ಯಾಡ್ರಿ," ಎಂದು ಡಾಕ್ಟರು ಹೇಳಿ ಕಳಿಸಿದ್ದರು. "ಪರೀಕ್ಷಾ ಬ್ಯಾಡಂದ್ರ ಬಿಡ್ಲಿ, ಹಳೇ ಔಷಧ ಕೊಡೋಣು. ಆದ್ರ ಔಷಧಾನ ಬಿಟ್ರ ಆಕಿ ಉಳಿಯೂದಿಲ್ಲ."

ದಾರಿಯುದ್ದಕ್ಕೂ ಬಿಳಿಜೋಳ ತೆನೆ ಹಿಡಿದಿತ್ತು, ನಡುನಡುವೆ ಕುಸುಬೆಯ ಹಳದಿ ಹೂ. ಹುನಗುಂದದಲ್ಲಿ ಚಹಾ ಕುಡಿದು ಬಸ್ಸು ಬದಲಿಸಿದೆ. ಕೋರ್ಟು ಕಚೇರಿಗೆ ಬಂದವರ ಗದ್ದಲ. ಮುಂದಿನ ಹತ್ತು ಹನ್ನೆರಡು ಕಿಲೋಮೀಟರು ನಿಂತೇ ಹೋದೆ.

ಇಳಕಲ್ಲಿನಲ್ಲಿ ಓಣಿ ತುಂಬ ಮಗ್ಗದ ಸದ್ದು. ಗೌರವ್ವನ ಗಂಡ ಸಂಗಪ್ಪ ಕುಣಿಮಗ್ಗದಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತ.

"ದವಾಖಾನಿಯವ್ರೇನ್ರಿ? ಒಮ್ಮೆ ಕಳಿಸಿದ್ದ ಸಾಕಾಗೇತಿ. ನನ್ನ ಹೇಣ್ತಿ ಮ್ಯಾಲ ಪರೀಕ್ಷಾ ನಡಸಬ್ಯಾಡ್ರಿ."

"ಬ್ಯಾಡಂದ್ರ ಬಿಡೋಣ್ರಿ. ಏನಾತು ಅನ್ನೂದರ ಹೇಳ್ರಿ," ಎಂದೆ.

ಒಳಗಿನಿಂದ ಗೌರವ್ವನ ದನಿ ಬಂತು. "ಒಂದಕ್ಕ ಹ್ವಾದ್ರ ರಕ್ತಾ ಬರ್ತಿತ್ರಿ, ಅಕ್ಕಾರ. ಗುಳಗಿ ಬಿಟ್ಟ ಮ್ಯಾಲ ನಿಂತೇತಿ. ನಾ ಉಳಿಯೂದಿಲ್ಲ ಅಂತ ಮಗಳನ್ನ ಬಾದಾಮಿಗೆ ನಮ್ಮಕ್ಕನ ಮನಿಗೆ ಕಳಿಸೇನಿ. ಅಲ್ಲೇ ರೂಢಿ ಆಗ್ಲಿ."

ಮೂತ್ರ ಕೆಂಪಾಗುತ್ತದೆಂದು ಮೊದಲ ದಿನವೇ ಹೇಳಿದ್ದೆವು. ಜ್ವರದ ಕಾವಿನಲ್ಲಿ ಅವಳಿಗೆ ಅದು ನೆನಪಿನಲ್ಲಿ ಉಳಿದಿರಲಿಲ್ಲ. ಉಳಿದ ಗುಳಿಗೆಗಳನ್ನು ತರಿಸಿ, ಒಂದರ ಕವಚ ಬಿಚ್ಚಿ ಪುಡಿಯನ್ನು ಬಟ್ಟಲು ನೀರಿಗೆ ಹಾಕಿ ಕಲಕಿದೆ. ನೀರು ಕೆಂಪೇರಿತು.

"ಇದ ಬಣ್ಣ ಮೈಯಾಗಿಂದ ಹಾದು ಹೊರಗ ಬರ್ತೈತಿ. ರಕ್ತ ಅಲ್ಲ."

ಸಂಗಪ್ಪ ಒಂದೆಳೆ ಬಿಳಿ ನೂಲು ಅದ್ದಿ, ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಖರೇನ, ಗೌರೀ. ಬಣ್ಣಾನ ಐತಿ," ಎಂದ. ಗೌರವ್ವ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

"ಹಂಗಾರ ಮಗಳನ್ನ ಕರಸ್ಲೇನ್ರಿ?" ಎಂದು ಕೇಳಿದಳು.

"ಮೊದ್ಲ ಕಫಾ ತಪಾಸ ಆಗ್ಲಿ. ನಡುವ ಬಿಟ್ಟ ಗುಳಗಿ ಮತ್ತ ಚಾಲೂ ಮಾಡೂದಿದ್ರ ಡಾಕ್ಟರ ನೋಡಬೇಕು. ಪರೀಕ್ಷಾದಾಗ ಇರೂದು, ಬಿಡೂದು ನಿಮಗ ಬಿಟ್ಟಿದ್ದು."

"ಇರ್ತೇನ್ರಿ. ಅದರಿಂದನ ಕೆಮ್ಮು ಕಡಿಮಿ ಆಗಿತ್ತು," ಎಂದು ಅವಳು ಎದ್ದು ಸೀರೆ ಬದಲಿಸಲು ಹೋದಳು. ಸಂಗಪ್ಪ ಮಗ್ಗದ ಮೇಲೆ ಬಟ್ಟೆ ಹೊದಿಸಿದ.

ಮೂವರೂ ಸಂಜೆಯ ಬಸ್ಸು ಹತ್ತಿದೆವು. ಹುನಗುಂದದ ನಿಲ್ದಾಣದಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ ಕಿಟಕಿಯಿಂದ ಒಳಗೆ ಬಂತು.

"ಹಸಿವಾಗೇತಿ," ಎಂದಳು ಗೌರವ್ವ.

ಸಂಗಪ್ಪ ಹೆಂಡತಿಯ ಮುಖವನ್ನೇ ನೋಡಿದ. "ಹಸಿವು ಅನ್ನೂದ ಮರತಿದ್ಲ್ರೀ ಈಕಿ," ಎಂದು ನನಗೆ ಹೇಳಿ ಕೆಳಗೆ ಹಾರಿದ. ಕಂಡಕ್ಟರ್ ಗಂಟೆ ಬಾರಿಸಿಯೇ ಬಿಟ್ಟ. "ಒಂದೀಟು ನಿಂದ್ರಸ್ರಿ!" ಎಂದು ನಾನು ಕೂಗಿದೆ. ಸಂಗಪ್ಪ ಎರಡೂ ಕೈಯಲ್ಲಿ ಪೊಟ್ಟಣ ಹಿಡಿದು ಓಡಿ ಬಂದ. ಬಾಗಲಕೋಟೆಯ ದಾರಿ ಹಿಡಿಯುವಷ್ಟರಲ್ಲಿ ಗೌರವ್ವ, ಖಾರಕ್ಕೆ ಕಣ್ಣಲ್ಲಿ ನೀರಾಡುತ್ತಿದ್ದರೂ, ಇನ್ನೊಂದಕ್ಕೆ ಕೈ ಚಾಚಿದ್ದಳು.